ಡಲ್ಲಾಸಿಗೆ ಬರುವ ತಂಗಿಗೆ

"ಅಕ್ಕಾ, ಮುಂದಿನ ತಿಂಗಳು ಇವರ ಕೆಲಸದ ಮೇಲೆ ಸಿಕ್ಕ ಎಚ್-4 ವೀಸಾದಲ್ಲಿ ಡಲ್ಲಾಸಿಗೆ ಬರ್ತಿದೀನಿ. ಅಲ್ಲಿ ಗರ್ಭ ತೆಗೆಸೋ ಮಾತ್ರೆ ಕೂಡ ಸಿಗಲ್ವಂತೆ, ನಿಜವಾ? ಇಲ್ಲಿಂದಲೇ ತರಲಾ? ಚಳಿಗೆ ಏನು ಬೇಕು?" ಅಂತ ಕೇಳಿದ್ದೀರಿ.

ಚಳಿಗೆ ಒಂದು ಜಾಕೆಟ್ ಸಾಕು. ಇಲ್ಲಿ ಬಿಸಿಲಿನದೇ ಕಾಟ. ಮಾತ್ರೆ ತರುವ ಯೋಚನೆ ಬಿಡಿ.

2014ರಲ್ಲಿ ಶಿವಮೊಗ್ಗದಿಂದ ಬಂದಾಗ ನನ್ನ ಸೂಟ್‌ಕೇಸಿನ ತುಂಬ ಚಟ್ನಿಪುಡಿ. ಅಮೆರಿಕ ಅಂದರೆ ಒಂದೇ ಕಾನೂನು ಅಂದುಕೊಂಡಿದ್ದೆ. ಹಾಗಿಲ್ಲ. 2022ರ ಜೂನಿನಲ್ಲಿ ಸುಪ್ರೀಂ ಕೋರ್ಟು ಗರ್ಭ ತೆಗೆಸುವ ಹಕ್ಕನ್ನು ದೇಶಕ್ಕೆಲ್ಲ ಕೊಟ್ಟಿದ್ದ 1973ರ ರೋ ತೀರ್ಪನ್ನು ರದ್ದು ಮಾಡಿ, ಈ ವಿಷಯವನ್ನು ಆಯಾ ರಾಜ್ಯಕ್ಕೆ ಬಿಟ್ಟಿತು. ಗರ್ಭ ತೆಗೆಸುವ ಮೈಫೆಪ್ರಿಸ್ಟೋನ್ ಮಾತ್ರೆಗೆ ಕೇಂದ್ರದ ಒಪ್ಪಿಗೆ 2000ದಿಂದಲೇ ಇದೆ, ಈಗ ಗರ್ಭಕ್ಕೆ ಹತ್ತು ವಾರ ಆಗುವ ತನಕ. ಆದರೆ ಡಲ್ಲಾಸ್ ಇರುವ ಟೆಕ್ಸಾಸಿನಲ್ಲಿ ಗರ್ಭ ತೆಗೆಸಲು ಅದನ್ನು ಕೊಟ್ಟ ಡಾಕ್ಟರಿಗೆ ಜೈಲು. ಪಕ್ಕದ ನ್ಯೂ ಮೆಕ್ಸಿಕೊದಲ್ಲಿ ತಡೆಯಿಲ್ಲ. ವಿಚಿತ್ರ ಅಲ್ವಾ? 2025ರ ಡಿಸೆಂಬರಿನಿಂದ ಟೆಕ್ಸಾಸಿಗೆ ಮಾತ್ರೆ ಕಳಿಸಿದವರ ಮೇಲೆ ಸಾಮಾನ್ಯ ಜನರೂ ದಾವೆ ಹೂಡಬಹುದು. ನುಂಗಿದ ಹೆಂಗಸಿನ ಮೇಲೆ ಹೂಡುವ ಹಾಗಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ. 2021ರ ಸೆಪ್ಟೆಂಬರಿನಲ್ಲಿ, ಹೃದಯ ಬಡಿತ ಕಂಡರೆ ತೆಗೆಯುವಂತಿಲ್ಲ ಎಂಬ ಕಾನೂನು ಇಲ್ಲಿ ಆಗಷ್ಟೇ ಜಾರಿಗೆ ಬಂದಿತ್ತು. ಅಂದರೆ ಸುಮಾರು ಆರು ವಾರ. ನಮ್ಮ ಅಪಾರ್ಟ್‌ಮೆಂಟಿನ ಹಾಸನದ ಹುಡುಗಿ ಒಂದು ಸಂಜೆ ಬಂದು, "ಅಕ್ಕಾ, ಡೇಟ್ ಹೋಗಿದೆ, ಈ ಮಗು ಈಗ ಬೇಡ" ಅಂದಳು. ಮೊದಲನೆಯದು ಇನ್ನೂ ತೊಟ್ಟಿಲಲ್ಲಿತ್ತು. ನಾನು ಊರಿನ ಲೆಕ್ಕದಲ್ಲೇ, "ಹಬ್ಬ ಮುಗೀಲಿ, ಆಮೇಲೆ ನೋಡೋಣ" ಅಂದೆ. ಊರಲ್ಲಾದರೆ ಡಾಕ್ಟರಮ್ಮನ ಹತ್ತಿರ ಹೋದರೆ ಮುಗಿಯುತ್ತಿತ್ತು. 1971ರಿಂದಲೇ ನಮ್ಮಲ್ಲಿ ಕಾನೂನಿದೆ. ಗೊಂಬೆ ಕೂರಿಸಿದೆವು, ಪಾಯಸ ಮಾಡಿದೆವು. ಡಾಕ್ಟರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ತಿಂಗಳು ತಪ್ಪಿದ್ದು ಗೊತ್ತಾಗುವಷ್ಟರಲ್ಲೇ ನಾಲ್ಕು ವಾರ ಆಗಿರುತ್ತದೆ. ದಸರಾ ಕಳೆದ ಮೇಲೆ ಫೋನ್ ಮಾಡಿದರೆ ಪಕ್ಕದ ರಾಜ್ಯ ಒಕ್ಲಹೋಮಾದ ಕ್ಲಿನಿಕ್ಕುಗಳಲ್ಲೆಲ್ಲ ಟೆಕ್ಸಾಸಿನವರದೇ ಸಾಲು. ಕೊನೆಗೆ ಅವಳ ಗಂಡ ಹತ್ತು ಗಂಟೆ ಕಾರು ಓಡಿಸಿ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಗೆ ಕರೆದುಕೊಂಡು ಹೋದ. ಅಷ್ಟರಲ್ಲಿ ಮಾತ್ರೆಯ ಗಡುವು ದಾಟಿತ್ತು, ಕ್ಲಿನಿಕ್ಕಿನಲ್ಲೇ ತೆಗೆಸಬೇಕಾಯಿತು. ಅವಳ ಪುಟ್ಟ ಮಗು ಎರಡು ರಾತ್ರಿ ನನ್ನ ಹತ್ತಿರವಿತ್ತು. ಅದು ಅಳುವಾಗೆಲ್ಲ ನನಗೆ ನನ್ನ ಮಾತೇ ನೆನಪಾಗುತ್ತಿತ್ತು.

ಗರ್ಭ ತಾನಾಗೇ ಹೋದರೆ, ಅಥವಾ ನಾಳದಲ್ಲಿ ನಿಂತರೆ, ಚಿಕಿತ್ಸೆಗೆ ಕಾನೂನಿನಲ್ಲಿ ತಡೆಯಿಲ್ಲ. ಆದರೂ ಕೆಲವು ಡಾಕ್ಟರು ಹಿಂದೆಮುಂದೆ ನೋಡುತ್ತಾರೆ. ರಕ್ತ ಜಾಸ್ತಿ ಹೋದರೆ ಅತ್ತೆಗೆ ಫೋನ್ ಮಾಡುತ್ತಾ ಕೂರಬೇಡಿ, ಇಲ್ಲಿಯ ತುರ್ತು ನಂಬರು 911ಕ್ಕೆ ಮಾಡಿ. ಇನ್ಶೂರೆನ್ಸ್ ಗಂಡನ ಹೆಸರಲ್ಲಿದ್ದರೆ ಬಿಲ್ಲಿನ ವಿವರ ಸಾಮಾನ್ಯವಾಗಿ ಅವರಿಗೇ ಹೋಗುತ್ತದೆ, ಅದೂ ಗೊತ್ತಿರಲಿ.

ಮುಟ್ಟಿನ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಊರಿನ ಕ್ಯಾಲೆಂಡರೇ ತನ್ನಿ, ಇಲ್ಲಿಯದರಲ್ಲಿ ಏಕಾದಶಿ ಇರುವುದಿಲ್ಲ.