ಆರು ಬಾರಿ 400 ಮೀಟರ್ ಓಡಿದ ಸಮಯದಿಂದ 1500 ಮೀಟರ್ ಸಮಯ ಹೇಳಬಹುದೇ?

ಆರು ಸುತ್ತು, ಪ್ರತಿ ಸುತ್ತಿಗೆ 70 ಸೆಕೆಂಡು, ಹಾಗಾದರೆ 1500 ಮೀಟರನ್ನು 4 ನಿಮಿಷ 22 ಸೆಕೆಂಡಿನಲ್ಲಿ ಮುಗಿಸಬಹುದೇ, ಇದಕ್ಕೆ ಯಾವ ಸೂತ್ರ ಹಾಕಬೇಕು ಎಂದು ಕೇಳಿದ್ದೀರಿ. ಸುತ್ತುಗಳ ನಡುವೆ ಎಷ್ಟು ಹೊತ್ತು ನಿಂತಿರಿ ಎಂಬುದನ್ನು ಮಾತ್ರ ಬರೆದಿಲ್ಲ. ನಾನೂ ಬರೆದಿಟ್ಟುಕೊಂಡಿರಲಿಲ್ಲ.

ಚಿಕ್ಕಮಗಳೂರಿನಲ್ಲಿ ಪದವಿ ಓದುತ್ತಿದ್ದ ದಿನಗಳು. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿರುತ್ತಿದ್ದೆ. ಮಂಜಿನಲ್ಲಿ ಎದುರಿನ ತಿರುವು ಕಾಣಿಸುತ್ತಿರಲಿಲ್ಲ. ಸ್ಟಾಪ್‌ವಾಚ್ ಹಿಡಿದ ಗೆಳೆಯ ಸಮಯವನ್ನು ಕೂಗಿ ಹೇಳುತ್ತಿದ್ದ. ಅಂತರಕಾಲೇಜು ಕ್ರೀಡಾಕೂಟಕ್ಕೆ ಒಂಬತ್ತು ದಿನ ಉಳಿದಿದ್ದಾಗ ಆರು ಬಾರಿ 400 ಮೀಟರ್ ಓಡಿದೆ. ಎಲ್ಲವೂ 72 ಸೆಕೆಂಡಿನ ಆಸುಪಾಸು. 1500 ಮೀಟರ್ ಎಂದರೆ ಮೂರು ಮುಕ್ಕಾಲು ಸುತ್ತು. ಗುಣಿಸಿದೆ, 4 ನಿಮಿಷ 30 ಸೆಕೆಂಡು ಬಂತು. ಅದನ್ನು ಚೀಟಿಯಲ್ಲಿ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದೆ.

ಓಟ ಹಾಸನದಲ್ಲಿತ್ತು. ಮೊದಲ 300 ಮೀಟರ್ 52 ಸೆಕೆಂಡು, ಮುಂದಿನ ಸುತ್ತು 73. ಅಲ್ಲಿಯವರೆಗೆ ಲೆಕ್ಕ ಸರಿಯಾಗಿದೆ ಎಂದೇ ನಂಬಿದ್ದೆ. ಅದರ ನಂತರದ ಸುತ್ತಿನಲ್ಲಿ ತೊಡೆಗಳು ಕಲ್ಲಾದವು: 82. ಕೊನೆಯದು 84. ಒಟ್ಟು 4 ನಿಮಿಷ 51 ಸೆಕೆಂಡು. 4:40ಕ್ಕೆ ಸಿದ್ಧನಾಗಿ ಹೋಗಿದ್ದರೆ ಅಷ್ಟೊಂದು ಕುಸಿಯುತ್ತಿರಲಿಲ್ಲ ಎಂಬ ಕೊರಗು ಈಗಲೂ ಇದೆ.

ತಪ್ಪು ವಿಶ್ರಾಂತಿಯಲ್ಲಿತ್ತು. ಸುತ್ತು ಮುಗಿದೊಡನೆ ಗೆಳೆಯ ಗಡಿಯಾರ ನಿಲ್ಲಿಸುತ್ತಿದ್ದ, ನಾನು ‘ಸರಿ’ ಎಂದಾಗ ಮತ್ತೆ ಒತ್ತುತ್ತಿದ್ದ. ಆ ನಡುವೆ ನಾನು ನಲ್ಲಿಯವರೆಗೆ ನಡೆದು ನೀರು ಕುಡಿಯುತ್ತಿದ್ದೆ, ಲೇಸ್ ಬಿಚ್ಚಿ ಕಟ್ಟುತ್ತಿದ್ದೆ. ಊರಿಗೆ ಮರಳಿದ ಮೇಲೆ ಅದೇ ಅಭ್ಯಾಸವನ್ನು ಅದೇ ರೀತಿ ಮಾಡಿ, ಇನ್ನೊಂದು ಗಡಿಯಾರವನ್ನು ನಿಲ್ಲಿಸದೆ ಓಡಲು ಬಿಟ್ಟೆವು. ಮೊದಲ ಬಿಡುವು ಎರಡು ನಿಮಿಷ. ಕೊನೆಯದು ಐದು ನಿಮಿಷ ದಾಟಿತ್ತು! ದಣಿವು ಹೆಚ್ಚಿದಂತೆ ಬಿಡುವನ್ನೂ ಹಿಗ್ಗಿಸಿಕೊಂಡಿದ್ದೆ, ಹಾಗಾಗಿಯೇ ಆರೂ ಸುತ್ತುಗಳು 72ರಲ್ಲಿ ಬಂದಿದ್ದವು. ಸ್ನಾಯುವಿನೊಳಗೆ ತಕ್ಷಣದ ಶಕ್ತಿಗೆ ಒದಗುವ ಕ್ರಿಯಾಟಿನ್ ಫಾಸ್ಫೇಟ್ ಎಂಬ ಸಂಗ್ರಹ ಮೂರು-ನಾಲ್ಕು ನಿಮಿಷದಲ್ಲಿ ಬಹುಪಾಲು ಮತ್ತೆ ತುಂಬಿಕೊಳ್ಳುತ್ತದೆ. ಪ್ರತಿ ಸುತ್ತನ್ನೂ ದಣಿವೇ ಇಲ್ಲದವನಂತೆ ಶುರುಮಾಡುತ್ತಿದ್ದೆ. ಸ್ಪರ್ಧೆಯಲ್ಲಿ ಆ ಬಿಡುವನ್ನು ಯಾರು ಕೊಡುತ್ತಾರೆ?

ಇದಕ್ಕೆಲ್ಲ ಪ್ರೇರಣೆ ರೋಜರ್ ಬ್ಯಾನಿಸ್ಟರ್, ಮೈಲಿಯನ್ನು ನಾಲ್ಕು ನಿಮಿಷದೊಳಗೆ ಓಡಿದ ಮೊದಲಿಗರಾದ ಬ್ರಿಟನ್ನಿನ ಓಟಗಾರ. 1954ರ ಮೇ 6ರಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಓಡುವ ಮೊದಲು ಅವರು 440 ಗಜದ (ಸುಮಾರು 400 ಮೀಟರ್) ಸುತ್ತನ್ನು ಹತ್ತು ಬಾರಿ ಓಡುತ್ತಿದ್ದರು. 61 ಸೆಕೆಂಡಿನಲ್ಲಿ ಸಿಕ್ಕಿಕೊಂಡಾಗ ಸ್ಕಾಟ್ಲೆಂಡಿಗೆ ಬೆಟ್ಟ ಹತ್ತಲು ಹೋಗಿ ಬಂದು 59ಕ್ಕೆ ಇಳಿಸಿದರು. ಆ 59 ನನ್ನ ತಲೆಯಲ್ಲಿ ಉಳಿಯಿತು. ಬಿಡುವು ಪ್ರತಿ ಸಲವೂ ಎರಡೇ ನಿಮಿಷವಿತ್ತು ಎಂಬುದು, ಸುತ್ತುಗಳು ಒಟ್ಟು ಹತ್ತು ಇದ್ದವು ಎಂಬುದು ಉಳಿಯಲಿಲ್ಲ.

ಆದ್ದರಿಂದ ಯಾವ ಸೂತ್ರ ಹಾಕಬೇಕು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಿಡುವು ತಿಳಿಯದ 70ಕ್ಕೆ ಯಾವ ಸೂತ್ರ ಹಾಕಿದರೂ ಬರುವುದು ಆಸೆಯ ಅಂಕಿ. ನಾಲ್ಕೇ ಸುತ್ತು ಓಡಿ, ನಡುವೆ 60 ಸೆಕೆಂಡು ಮಾತ್ರ ಬಿಡುವು. ಗಡಿಯಾರ ನಿಲ್ಲಬಾರದು, ನೀರು ಆಮೇಲೆ. ನಾಲ್ಕನೆಯ ಸುತ್ತು ಮೊದಲನೆಯದಕ್ಕಿಂತ ಮೂರು ಸೆಕೆಂಡು ನಿಧಾನವಾದರೆ ಆ ವೇಗ ನಿಮ್ಮದಲ್ಲ, ಮುಂದಿನ ವಾರ ಇಳಿಸಿ ಓಡಿ. ಮೈದಾನವನ್ನೂ ಟೇಪಿನಲ್ಲಿ ಅಳೆಯಿರಿ. ಸುಣ್ಣದ ಗೆರೆಯನ್ನು ನಂಬಬೇಡಿ, ಸುತ್ತಿನಲ್ಲಿ ಹತ್ತು ಮೀಟರ್ ಕಡಿಮೆಯಿದ್ದರೆ ಸುಮಾರು ಎರಡು ಸೆಕೆಂಡು ಪುಕ್ಕಟೆಯಾಗಿ ಸಿಕ್ಕಿರುತ್ತದೆ. ಸ್ಪರ್ಧೆಗೆ ಹತ್ತು ದಿನ ಮೊದಲು ಎಲ್ಲಿಯೂ ನಿಲ್ಲದೆ 1200 ಮೀಟರ್ ಓಡಿ ನೋಡಿ. ನನಗಂತೂ ಅದರ ಮೇಲೆಯೇ ಹೆಚ್ಚು ನಂಬಿಕೆ.

ಮರುವರ್ಷ ಈ ರೀತಿ ಓಡಿದಾಗ ನನ್ನ ನಾಲ್ಕು ಸುತ್ತುಗಳ ಸರಾಸರಿ 75 ಸೆಕೆಂಡು ಬಂದಿತ್ತು, ಅಂದರೆ 4:41. ಓಡಿದ್ದು 4:43. ನಿಮ್ಮ ಬಿಡುವು ಎಷ್ಟಿತ್ತು ಎಂದು ದಯವಿಟ್ಟು ಬರೆಯಿರಿ, ನೆನಪಿನಿಂದ ಬೇಡ, ಅಳೆದು.