ಮೂರು ಗಂಟೆಗೆ ನಾನೂ ಫೋನ್ ನೋಡುತ್ತೇನೆ

ಪ್ರಶ್ನೆ: ನಮ್ಮ ಮನೆ ತೊಕ್ಕೊಟ್ಟು ಹತ್ತಿರ. ಗಂಡ ಆಟೊ ಓಡಿಸುತ್ತಾರೆ. ಕುಡಿಯುವುದಿಲ್ಲ, ಹೊಡೆಯುವುದಿಲ್ಲ. ಆದರೆ ಆರು ವರ್ಷದಿಂದ ತಲಪಾಡಿ ದಾಟಿ ಹೋಗಿ ಕೇರಳ ಲಾಟರಿ ತರುತ್ತಾರೆ. ಮೊದಲು ವಾರಕ್ಕೊಂದು, ಈಗ ದಿನಕ್ಕೆ ಐದು. ಕೇಳಿದರೆ "ಇದು ಜೂಜಲ್ಲ, ಸರ್ಕಾರದ್ದು. ಮಂಡ್ಯದವರಿಗೆ ಹೊಡೆಯಲಿಲ್ವಾ?" ಎನ್ನುತ್ತಾರೆ. ಎರಡು ಲಕ್ಷ ಸಾಲ ಇದೆ ಎಂದು ಕಳೆದ ತಿಂಗಳು ಗೊತ್ತಾಯಿತು. ನನ್ನ ನಾಲ್ಕು ಪವನಿನ ಸರ ಅಡವಿಟ್ಟು ಅದನ್ನು ತೀರಿಸಿದರೆ ಇನ್ನು ಟಿಕೆಟ್ ಮುಟ್ಟುವುದಿಲ್ಲ ಎಂದು ಮಗಳ ತಲೆ ಮೇಲೆ ಕೈಯಿಟ್ಟು ಆಣೆ ಮಾಡಿದ್ದಾರೆ. ಮೊನ್ನೆ "ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು" ಎಂದರು. ಇನ್ನೊಂದು ವಿಷಯ ಹೇಳಲು ನಾಚಿಕೆ. ಮಧ್ಯಾಹ್ನ ಮೂರು ಗಂಟೆಗೆ ಡ್ರಾ ಆಗುವಾಗ ನಾನೂ ಫೋನ್ ನೋಡುತ್ತೇನೆ. ಒಮ್ಮೆ ಹೊಡೆದರೆ ಎಲ್ಲ ಸರಿಯಾಗುತ್ತಲ್ಲ ಅಂತ. ಸರ ಕೊಡಲೇ?

ಉತ್ತರ: ಕೊಡಬೇಡಿ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು "ನಾನಿಲ್ಲದಿದ್ದರೆ" ಎಂಬ ಮಾತು. ಸಾಲದಲ್ಲಿ ಮುಳುಗಿದವರು ಇದನ್ನು ಸುಮ್ನೆ ಹೇಳುವುದಿಲ್ಲ. ಇವತ್ತು ರಾತ್ರಿಯೇ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯುವ ಯೋಚನೆ ಬರುತ್ತಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಹೋಗುತ್ತದೆ ಎಂಬ ಭಯ ಬೇಡ. ಕೇಳಿದರೆ ಅವರ ಮನಸ್ಸು ಹಗುರವಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಕೂಡಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ನಿಮ್ಮ ನಾಚಿಕೆಯ ವಿಷಯ. ಅದನ್ನು ಬರೆದಿದ್ದೇ ನಿಮ್ಮ ದೊಡ್ಡ ಧೈರ್ಯ. ನನ್ನ ಹತ್ತಿರ ಬರುವ ಎಷ್ಟೋ ಹೆಂಡತಿಯರು ಇದೊಂದನ್ನು ಮುಚ್ಚಿಡುತ್ತಾರೆ. ಬೆಳಿಗ್ಗೆ ಟಿಕೆಟ್ ತಂದದ್ದಕ್ಕೆ ಜಗಳ, ಮಧ್ಯಾಹ್ನ ಅದೇ ಟಿಕೆಟಿಗೆ ಹರಕೆ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಸಾಲ ತೀರುವ ಬೇರೆ ದಾರಿ ಕಾಣದಿದ್ದಾಗ ಮನಸ್ಸು ಆ ಆರು ಅಂಕಿಗಳನ್ನೇ ಹಿಡಿದುಕೊಳ್ಳುತ್ತದೆ. ಆದರೆ ನೀವು ಬೈಯುವಾಗಲೂ ನಿಮ್ಮ ಕಣ್ಣಲ್ಲಿ ಆ ಆಸೆ ಅವರಿಗೆ ಕಾಣುತ್ತದೆ. ಅದಕ್ಕೇ ಬೈಗುಳ ನಾಟುವುದಿಲ್ಲ.

"ಸರ್ಕಾರದ್ದು" ಎನ್ನುವುದು ನಿಜ. 1967ರಲ್ಲಿ ಕೇರಳ ಸರ್ಕಾರವೇ ಶುರು ಮಾಡಿದ ಲಾಟರಿ ಅದು. ಮೋಸ ಇಲ್ಲ ಎಂದೇ ಇಟ್ಟುಕೊಳ್ಳೋಣ. ಮೋಸ ಇಲ್ಲದಿದ್ದರೆ ಗೆಲ್ಲುತ್ತೇವೆ ಎಂದೇನೂ ಅಲ್ಲ, ಅಲ್ವಾ? 2024ರಲ್ಲಿ 25 ಕೋಟಿಯ ಓಣಂ ಬಂಪರ್ ಮಂಡ್ಯ ಜಿಲ್ಲೆಯವರಿಗೆ ಬಂದದ್ದೂ ನಿಜ. ಆ ವರ್ಷ ಮಾರಾಟವಾದ ಟಿಕೆಟ್ 70 ಲಕ್ಷಕ್ಕೂ ಜಾಸ್ತಿ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಕೊಡಗು, ಹಾಸನ, ಈ ಐದು ಜಿಲ್ಲೆಗಳ ಜನರನ್ನು 2011ರ ಜನಗಣತಿಯ ಪ್ರಕಾರ ಕೂಡಿಸಿದರೆ ಸುಮಾರು ಅಷ್ಟಾಗುತ್ತದೆ. ತೊಟ್ಟಿಲ ಮಗುವಿನಿಂದ ಹಿಡಿದು ಅಜ್ಜ ಅಜ್ಜಿಯವರೆಗೆ ಎಲ್ಲರ ಕೈಗೂ ಒಂದೊಂದು ಟಿಕೆಟ್ ಕೊಟ್ಟು, ಅಷ್ಟೂ ಜನರಲ್ಲಿ ಒಬ್ಬರನ್ನು ಕರೆದ ಹಾಗೆ. ಆ ಒಬ್ಬರ ಫೋಟೊ ಎಲ್ಲ ಪೇಪರಿನಲ್ಲೂ ಬಂತು. ಉಳಿದವರ ಫೋಟೊ ಎಲ್ಲೂ ಬರಲಿಲ್ಲ.

ನಿಮ್ಮ ಮನೆ ಲೆಕ್ಕ ನೋಡಿ. 50 ರೂಪಾಯಿಯ ಐದು ಟಿಕೆಟ್ ಎಂದರೆ ದಿನಕ್ಕೆ 250. ತಿಂಗಳಿಗೆ 7,500. ವರ್ಷಕ್ಕೆ 90,000. ಎರಡು ಲಕ್ಷ ಎಲ್ಲಿ ಹೋಯಿತು ಎಂದು ಹುಡುಕಬೇಕಾಗಿಲ್ಲ.

ಇಷ್ಟು ಸೋತರೂ ಯಾಕೆ ಬಿಡುವುದಿಲ್ಲ? ಕೊನೆಯ ನಾಲ್ಕು ಅಂಕಿ ತಾಳೆಯಾದರೆ ಸಣ್ಣ ಬಹುಮಾನ ಬರುತ್ತದೆ. ಆಗಾಗ ನೂರೋ ಐನೂರೋ ಸಿಗುತ್ತದೆ. ಆ ಹಣ ಮನೆಗೆ ಬರುವುದಿಲ್ಲ, ಅಲ್ಲೇ ಮತ್ತೆ ಟಿಕೆಟ್ ಆಗುತ್ತದೆ. ಇನ್ನು "ಒಂದೇ ನಂಬರಿನಲ್ಲಿ ತಪ್ಪಿತು" ಎನ್ನುವ ದಿನಗಳಿವೆ. ನಿಜಕ್ಕೂ ಅದು ಸೋಲೇ. ಮನಸ್ಸು ಮಾತ್ರ ಅದನ್ನು "ಹತ್ತಿರ ಬಂದೆ" ಎಂದು ಓದುತ್ತದೆ. ಹೋದ ದುಡ್ಡನ್ನು ಅಲ್ಲಿಂದಲೇ ವಾಪಸ್ ತರಬೇಕು ಎಂಬ ಹಟ, ಸುಳ್ಳು, ಕದ್ದು ಸಾಲ ಇವೆಲ್ಲ ಬಂದ ಮೇಲೆ ಇದು ಬರೀ ಅಭ್ಯಾಸವಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಜೂಜಿನ ಚಟವನ್ನು ಕಾಯಿಲೆಗಳ ಪಟ್ಟಿಯಲ್ಲಿ ಇಟ್ಟಿದೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಿತು. ಅದಕ್ಕೂ ಮೊದಲು ಬಸ್ ಸ್ಟ್ಯಾಂಡಿನಲ್ಲಿ ದಿನದ ಕೂಲಿಯನ್ನು ಒಂದಂಕಿ ಲಾಟರಿಗೆ ಕೊಟ್ಟು ಬರಿಗೈಲಿ ಮನೆಗೆ ಹೋದವರನ್ನು ನಾನು ಕಂಡಿದ್ದೇನೆ. ಅವರೂ ಒಳ್ಳೆಯವರೇ, ನಿಮ್ಮ ಯಜಮಾನರ ಹಾಗೆ.

ಇನ್ನು ಸರ. ಅದನ್ನು ಅಡವಿಟ್ಟರೆ ಸಾಲ ಒಂದೇ ದಿನದಲ್ಲಿ ಮಾಯವಾಗುತ್ತದೆ. ಅವರಿಗೆ ಅದು ಬಂಪರ್ ಹೊಡೆದ ಹಾಗೆಯೇ. ಕಷ್ಟಪಡದೆ ಭಾರ ಇಳಿಯಿತು. ಸ್ವಲ್ಪ ದಿನ ಸುಮ್ಮನಿದ್ದು, "ಪಾಪ, ಅವಳ ಸರ ಬಿಡಿಸಿಕೊಡಬೇಕು" ಎಂದು ಮತ್ತೆ ತಲಪಾಡಿಗೆ ಹೋಗುತ್ತಾರೆ. ಪ್ರೀತಿಯಿಂದಲೇ ಹೋಗುತ್ತಾರೆ.

ಆ ಸಾಲ ಅವರ ದುಡಿಮೆಯಿಂದಲೇ ತೀರಲಿ, ನಿಧಾನವಾಗಿಯಾದರೂ. ಟಿಕೆಟಿನ ಆ 7,500 ಪ್ರತಿ ತಿಂಗಳು ಸಾಲಕ್ಕೆ ಹೋದರೆ ಅಸಲು ಎರಡೂಕಾಲು ವರ್ಷದಲ್ಲಿ ಮುಗಿಯುತ್ತದೆ. ಬಡ್ಡಿ ಸೇರಿದರೆ ಇನ್ನಷ್ಟು ದಿನ. ಯಾರಿಗೆ ಎಷ್ಟು ಕೊಡಬೇಕು ಎಂದು ಇಬ್ಬರೂ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೀಟರ್ ಬಡ್ಡಿ ಇದ್ದರೆ ಅದು ಮೊದಲು. ಅವರ ಅಣ್ಣನಿಗೋ ನಿಮ್ಮ ತಮ್ಮನಿಗೋ, ಮನೆಯ ಒಬ್ಬರಿಗಾದರೂ ವಿಷಯ ತಿಳಿದಿರಲಿ. ಗುಟ್ಟಾಗಿ ಇದ್ದಷ್ಟು ದಿನ ಹೊಸ ಸಾಲ ಸಿಗುತ್ತಲೇ ಇರುತ್ತದೆ. ಅವರು ಒಪ್ಪಿದರೆ ದಿನದ ಬಾಡಿಗೆ ಹಣ ನಿಮ್ಮ ಕೈಗೆ ಬರಲಿ, ಗ್ಯಾಸಿಗೂ ಚಹಾಕ್ಕೂ ಬೇಕಾದಷ್ಟು ಅವರ ಹತ್ತಿರ ಇರಲಿ. ಗಡಿ ಕಡೆಯ ಬಾಡಿಗೆ ಕೆಲವು ತಿಂಗಳು ಬೇಡ. ಜೊತೆಗೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಮನೋವೈದ್ಯರನ್ನು ನೋಡಿ. "ನಿಮಗೆ ಹುಚ್ಚು" ಎಂದು ಕರೆದುಕೊಂಡು ಹೋಗಬೇಡಿ. "ನಿದ್ದೆ ಬರ್ತಿಲ್ಲ, ಸಾಲದ ಚಿಂತೆ ಇದೆ, ಇಬ್ಬರೂ ಹೋಗೋಣ" ಎನ್ನಿ.

ನಡುವೆ ಒಂದೆರಡು ಸಲ ಅವರು ಜಾರಬಹುದು. ಅದಕ್ಕೇ ಇನ್ನೊಂದು ಕೆಲಸ ಬಾಕಿ ಇದೆ. ಮಗಳ ಮೇಲೆ ಮಾಡಿದ ಆಣೆಯನ್ನು ವಾಪಸ್ ತೆಗೆದುಕೊಳ್ಳಲು ಹೇಳಿ, ಅವಳ ಎದುರಿಗೇ. ನಾಳೆ ಅಪ್ಪನ ಜೇಬಿನಲ್ಲಿ ಒಂದು ಟಿಕೆಟ್ ಕಂಡರೆ ಆ ಮಗು ತನಗೇ ಏನೋ ಆಗುತ್ತದೆ ಎಂದು ಹೆದರಿ ಮಲಗಬಾರದು.