ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ: ಪೂರ್ತಿ ಬಿಡಬೇಕೇ?

ವಯಸ್ಸು 48, ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ, ರಾತ್ರಿ ನಿದ್ದೆ ಇಲ್ಲ, ಹಿಮೋಗ್ಲೋಬಿನ್ ಬೇರೆ ಕಡಿಮೆ, ಕಾಫಿ ಪೂರ್ತಿ ಬಿಡಬೇಕೇ ಅಂತ ಕೇಳಿದ್ದೀರಿ. ಪೂರ್ತಿ ಬಿಡಬೇಕಿಲ್ಲ ಮೇಡಂ, ಆದರೆ ಐದು ಜಾಸ್ತಿಯೇ. ನಾನು ಡಾಕ್ಟರಲ್ಲ, ಹಾಸನದಲ್ಲಿ ಕಾಫಿಪುಡಿ ಅಂಗಡಿ ಇಟ್ಟವನು. ಅದಕ್ಕೆ ಪುಡಿಯಿಂದಲೇ ಶುರು ಮಾಡುತ್ತೇನೆ.

ಪ್ಯಾಕೆಟ್ ಮೇಲೆ ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಬರೆದಿರುತ್ತದೆ, ನೋಡಿ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅರೇಬಿಕಾ ಬೀಜದಲ್ಲಿ ತೂಕದ ಶೇ. 1.2ರ ಆಸುಪಾಸು, ರೊಬಸ್ಟಾದಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು. ಲೋಟಕ್ಕೆ 10 ಗ್ರಾಂ ಪುಡಿ ಅಂತ ಇಟ್ಟುಕೊಳ್ಳಿ. 60:40 ಮಿಶ್ರಣವಾದರೆ ಅದರಲ್ಲಿ ಕಾಫಿ 6 ಗ್ರಾಂ. ಬರೀ ಅರೇಬಿಕಾ ಆದರೆ 70 ಮಿಲಿಗ್ರಾಂ ಚಿಲ್ಲರೆ ಕೆಫೀನ್, ಬರೀ ರೊಬಸ್ಟಾ ಆದರೆ 130ರ ಹತ್ತಿರ. ಬಹುಪಾಲು ಡಿಕಾಕ್ಷನ್‌ಗೆ ಇಳಿದುಬಿಡುತ್ತದೆ. ಐದರಿಂದ ನೀವೇ ಗುಣಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 300 ಮಿಲಿಗ್ರಾಂ ಮೀರಬೇಡಿ ಅನ್ನುತ್ತದೆ. ಯುರೋಪಿನವರು ಆರೋಗ್ಯವಂತರಿಗೆ 400ರ ತನಕ ಪರವಾಗಿಲ್ಲ, ಬಸುರಿಯರಿಗೆ 200 ಸಾಕು ಅನ್ನುತ್ತಾರೆ.

ಒಂದು ತಮಾಷೆ ಹೇಳುತ್ತೇನೆ. ಅಂಗಡಿಗೆ ಬಂದು "ಸ್ಟ್ರಾಂಗ್ ಇರೋದು ಕೊಡಿ" ಅನ್ನುವವರಲ್ಲಿ ಬಹಳ ಜನಕ್ಕೆ ನಿಜವಾಗಿ ಬೇಕಿರುವುದು ಚಿಕೋರಿ. ಡಿಕಾಕ್ಷನ್ ಕಪ್ಪಗೆ, ಮಂದವಾಗಿ, ಕಹಿಯಾಗಿ ಇಳಿಯುವುದು ಅದರಿಂದ. ಬಣ್ಣ ನೋಡಿ ಕೆಫೀನ್ ಅಳೆಯೋಕಾಗಲ್ಲ.

ಈಗ ನಿದ್ದೆ. ದಣಿವಾಗಿದೆ ಅಂತ ಮಿದುಳಿಗೆ ತಿಳಿಸುವ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ದಣಿವು ಎಲ್ಲಿಗೂ ಹೋಗಿರುವುದಿಲ್ಲ, ಗೊತ್ತಾಗುವುದಿಲ್ಲ ಅಷ್ಟೆ. ಕುಡಿದದ್ದರಲ್ಲಿ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಸಂಜೆ ಆರಕ್ಕೆ ಕುಡಿದ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಮೈಯಲ್ಲೇ ಇರುತ್ತದೆ. ಬೆಳಗಿನ ಕಾಫಿಯ ತಂಟೆಗೆ ಹೋಗಬೇಡಿ, ಮಧ್ಯಾಹ್ನ ಮೂರರ ಮೇಲಿನದನ್ನು ಬಿಡಿ. ಅದೂ ಒಂದೇ ಏಟಿಗೆ ಬೇಡ, ಮಾರನೇ ದಿನವೇ ತಲೆ ಸಿಡಿಯತೊಡಗಿ ವಾರದವರೆಗೂ ಕಾಡಬಹುದು. ಮೊದಲು ಮನೆಯವರ ಜೊತೆ ಬೈಟೂ ಮಾಡಿಕೊಳ್ಳಿ, ಆಮೇಲೆ ವಾರಕ್ಕೊಂದು ಲೋಟದಂತೆ ಇಳಿಸಿ.

ಹಿಮೋಗ್ಲೋಬಿನ್ ಕಥೆ ಬೇರೆ. ಅಲ್ಲಿ ಅಡ್ಡ ಬರುವುದು ಕಾಫಿಯಲ್ಲಿರುವ ಪಾಲಿಫಿನಾಲ್‌ಗಳು. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ದೋಸೆ ತಟ್ಟೆ ಪಕ್ಕದಲ್ಲೇ ಕಾಫಿ ಇಟ್ಟುಕೊಳ್ಳುವ ನಮ್ಮ ರೂಢಿ ನಿಮಗಂತೂ ಬೇಡ. ಊಟ ತಿಂಡಿಯ ಹಿಂದೆ ಮುಂದೆ ಒಂದೊಂದು ಗಂಟೆ ಬಿಡಿ ಅಂತ ಅದೇ ಮಾರ್ಗಸೂಚಿ ಹೇಳುತ್ತದೆ. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆಯನ್ನೂ ಕಾಫಿ ಜೊತೆ ನುಂಗಬೇಡಿ. ರಕ್ತ ಯಾಕೆ ಕಡಿಮೆಯಾಯಿತು ಅಂತ ಡಾಕ್ಟರ ಹತ್ತಿರ ಕೇಳಲೇಬೇಕು, ಎಲ್ಲವನ್ನೂ ಕಾಫಿ ತಲೆಗೆ ಕಟ್ಟಬೇಡಿ.

ಕಾಫಿಯಿಂದ ಕ್ಯಾನ್ಸರ್ ಬರುತ್ತದೆ ಅನ್ನುವ ಭಯ ಇದ್ದರೆ ಆ ಭಯ ಬಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2016ರಲ್ಲೇ ಕಾಫಿಯನ್ನು ಅನುಮಾನದ ಪಟ್ಟಿಯಿಂದ ತೆಗೆದಿದೆ. 65 ಡಿಗ್ರಿ ಮೀರಿದ ಸುಡುಸುಡು ಪಾನೀಯ ಯಾವುದೇ ಆದರೂ ಅನ್ನನಾಳಕ್ಕೆ ಒಳ್ಳೆಯದಲ್ಲ ಅಂದದ್ದೂ ಆಗಲೇ.

ಸಕ್ಕರೆ ಎಷ್ಟು ಅಂತ ನೀವು ಬರೆದಿಲ್ಲ. ಲೋಟಕ್ಕೆ ಎರಡು ಚಮಚವಾದರೆ ಐದು ಲೋಟಕ್ಕೆ 40 ಗ್ರಾಂ ದಾಟುತ್ತದೆ. 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅನ್ನುತ್ತಾರೆ, ಅದೂ ಇಡೀ ದಿನದ ಸಿಹಿಯೆಲ್ಲ ಸೇರಿ.